ವಿಂಡೋಸ್ 7 ಬಿಡುವ ಮುನ್ನ: ನುಡಿ ಫಾಂಟು, ಔಟ್‌ಲುಕ್ ಮೇಲು, ಫೋಟೋ ಎಲ್ಲ ಎತ್ತಿಟ್ಟ ಬಗೆ

ಯಂತ್ರ ಇದು: ಎರಡನೇ ತಲೆಮಾರಿನ ಇಂಟೆಲ್ ಐ3, 4 ಜಿಬಿ ಮೆಮೊರಿ, 500 ಜಿಬಿ ಹಾರ್ಡ್ ಡಿಸ್ಕ್, 32 ಬಿಟ್ ವಿಂಡೋಸ್ 7. ವಿಂಡೋಸ್ 7ಕ್ಕೆ ಸೆಕ್ಯುರಿಟಿ ಅಪ್‌ಡೇಟ್ 2020ರ ಜನವರಿ 14ಕ್ಕೇ ನಿಂತಿತ್ತು. ವಿಂಡೋಸ್ 10ರ ಉಚಿತ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರ ಪಟ್ಟಿಯಲ್ಲಿ ಈ ಪ್ರೊಸೆಸರ್ ಇಲ್ಲ. ಉಳಿದದ್ದು ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಮಿಂಟ್, ಅದರಲ್ಲೂ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ, ಹೊಸ 240 ಜಿಬಿ ಎಸ್‌ಎಸ್‌ಡಿ ಮೇಲೆ. ಇನ್‌ಸ್ಟಾಲ್ ಅರ್ಧ ಗಂಟೆಯ ಕೆಲಸ. ಬ್ಯಾಕಪ್‌ಗೆ ಒಂದೂವರೆ ದಿನ ಹಿಡಿಯಿತು.

ಮೊದಲು ಡಿಸ್ಕಿನ ಆರೋಗ್ಯ. ಕ್ರಿಸ್ಟಲ್ ಡಿಸ್ಕ್ ಇನ್ಫೋ ತೆರೆದು 05, ಸಿ5, ಸಿ6 ಎಂಬ ಮೂರು ಸಾಲು ನೋಡಿದೆ. 05 ಅಂದರೆ ಕೆಟ್ಟು ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳು (ಡಿಸ್ಕಿನ ಚಿಕ್ಕ ಚಿಕ್ಕ ತುಂಡುಗಳು), ಸಿ5 ಅಂದರೆ ಓದಲು ತೊಡಕಾಗಿ ತೀರ್ಮಾನಕ್ಕೆ ಕಾಯುತ್ತಿರುವವು, ಸಿ6 ಸರಿಪಡಿಸಲಾಗದವು. ಈ ಡಿಸ್ಕಿನಲ್ಲಿ 05ರ ಲೆಕ್ಕ 8 ಇತ್ತು, ಉಳಿದೆರಡು ಸೊನ್ನೆ. ವಯಸ್ಸಾದ ಡಿಸ್ಕಿಗೆ ಇದು ಪರವಾಗಿಲ್ಲ. ಸಿ5 ಸೊನ್ನೆಗಿಂತ ಹೆಚ್ಚಿದ್ದರೆ ಮಾತ್ರ ಚೆಕ್‌ಡಿಸ್ಕ್ (ವಿಂಡೋಸ್‌ನದೇ ಡಿಸ್ಕ್ ತಪಾಸಣೆ ಸಾಧನ) ಓಡಿಸುವ ಗೋಜಿಗೆ ಹೋಗಬೇಡಿ. ಕೆಟ್ಟ ಸೆಕ್ಟರ್ ಹುಡುಕಲು ಬಿಟ್ಟರೆ ಅದು ಇಡೀ ಡಿಸ್ಕನ್ನು ಉಜ್ಜಿ ಓದುತ್ತದೆ, ಸಾಯಲು ತಯಾರಾದ ಡಿಸ್ಕ್ ಅಲ್ಲೇ ಸಾಯಬಹುದು. ಅಂಥದ್ದನ್ನು ಇನ್‌ಸ್ಟಾಲ್ ಮಾಡದೆಯೇ ನಡೆಯುವ ಮಿಂಟ್‌ನ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಡಿಡಿರೆಸ್ಕ್ಯೂ ಎಂಬ ಸಾಧನದಿಂದ ಇನ್ನೊಂದು ಡಿಸ್ಕಿಗೆ ಎಳೆದುಕೊಳ್ಳಬೇಕು. ಎಲ್ಲಿಯವರೆಗೆ ಓದಿದೆ ಎಂಬುದನ್ನು ಅದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ, ನಡುವೆ ನಿಂತರೂ ಮುಂದುವರಿಸಬಹುದು.

ಇನ್ನು ಏನೇನು ಎತ್ತಬೇಕು ಎಂಬ ಪಟ್ಟಿ. ಹೆಚ್ಚಿನವರು ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್ ಕಾಪಿ ಮಾಡಿ ಮುಗಿಯಿತು ಅನ್ನುತ್ತಾರೆ. ಆದರೆ ಕಳೆದುಹೋಗುವುದು ಯಾವಾಗಲೂ ಈ ಮೂರರ ಹೊರಗಿರುವುದು. ಅದಕ್ಕೇ ನಾನು ಫೋಲ್ಡರ್ ನೋಡುವುದಿಲ್ಲ. ಸ್ಟಾರ್ಟ್ ಮೆನು ತೆರೆದು ಒಂದೊಂದೇ ಪ್ರೋಗ್ರಾಮ್ ಓದುತ್ತೇನೆ, ಇದು ತನ್ನ ಫೈಲನ್ನು ಎಲ್ಲಿಡುತ್ತದೆ ಎಂದು ಹುಡುಕಿ ಹಾಳೆಯಲ್ಲಿ ಬರೆದುಕೊಳ್ಳುತ್ತೇನೆ.

ಆ ಹಾಳೆಯಲ್ಲಿ ಮೊದಲು ಬಂದದ್ದು ಫಾಂಟು. ಹಳೆಯ ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಪತ್ರಗಳು ಯೂನಿಕೋಡ್‌ನಲ್ಲಿ (ಈಗ ಎಲ್ಲೆಡೆ ಬಳಕೆಯಲ್ಲಿರುವ ಅಕ್ಷರಸಂಕೇತ ಪದ್ಧತಿ) ಇಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟುಗಳು ಅವು. ಫಾಂಟಿಲ್ಲದ ಯಂತ್ರದಲ್ಲಿ ಆ ಫೈಲ್ ತೆರೆದರೆ 'ಕ' ಇರಬೇಕಾದಲ್ಲಿ ದೊಡ್ಡ ಪಿ, ಅದರ ಪಕ್ಕ ತಲೆಮೇಲೆ ಓರೆಗೀಟಿರುವ ದೊಡ್ಡ ಎ ಕಾಣುತ್ತದೆ. ಫೈಲ್ ಕೆಟ್ಟಿದೆ ಎಂದು ಅಳಿಸಿಬಿಡುವವರೂ ಇದ್ದಾರೆ, ಕೆಟ್ಟಿರುವುದಿಲ್ಲ. ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರನ್ನು ಇಡಿಯಾಗಿ ಎತ್ತಿಟ್ಟೆ. ಕೆಲವೇ ನೂರು ಎಂಬಿ, ಆರಿಸಿಕೊಳ್ಳುವ ಕೆಲಸ ಆಮೇಲೆ.

ಎರಡನೆಯದು ಮೇಲ್. ಔಟ್‌ಲುಕ್ 2007 ಮೇಲ್‌ಗಳೆಲ್ಲ ಇರುವ ತನ್ನ ಪಿಎಸ್‌ಟಿ ಫೈಲನ್ನು ಆ್ಯಪ್‌ಡೇಟಾ ಒಳಗಿನ ಲೋಕಲ್, ಮೈಕ್ರೋಸಾಫ್ಟ್, ಔಟ್‌ಲುಕ್ ಎಂಬ ದಾರಿಯಲ್ಲಿ ಇಡುತ್ತದೆ. ಆ್ಯಪ್‌ಡೇಟಾ ಹಿಡನ್ ಫೋಲ್ಡರ್, ಫೋಲ್ಡರ್ ಆಪ್ಷನ್ಸ್‌ನಲ್ಲಿ ಹಿಡನ್ ಫೈಲ್ ತೋರಿಸು ಎಂದು ಟಿಕ್ ಮಾಡದೆ ಕಣ್ಣಿಗೇ ಬೀಳುವುದಿಲ್ಲ. 2010ರ ಔಟ್‌ಲುಕ್ ಅದನ್ನು ಡಾಕ್ಯುಮೆಂಟ್ಸ್ ಒಳಗೇ ಇಡುತ್ತದೆ, ಆ ಮಟ್ಟಿಗೆ ಉಪಕಾರ. ಸ್ಟಿಕಿ ನೋಟ್ಸ್ ಕೂಡ ಆ್ಯಪ್‌ಡೇಟಾದೊಳಗೇ, ಆದರೆ ರೋಮಿಂಗ್ ಕಡೆ. ಮಿಂಟ್‌ನಲ್ಲಿ ಅದು ತೆರೆಯುವುದಿಲ್ಲ, ಆದ್ದರಿಂದ ಚೀಟಿಗಳನ್ನು ಒಂದು ಟೆಕ್ಸ್ಟ್ ಫೈಲಿಗೆ ಪೇಸ್ಟ್ ಮಾಡಿಕೊಂಡೆ.

ಬ್ರೌಸರ್ ವಿಷಯದಲ್ಲಿ ಫೈರ್‌ಫಾಕ್ಸ್ ಸಲೀಸು: ಪ್ರೊಫೈಲ್ ಫೋಲ್ಡರ್ ಪೂರ್ತಿ ಕಾಪಿ ಮಾಡಿದರೆ ಪಾಸ್‌ವರ್ಡ್ ಸಮೇತ ಬರುತ್ತದೆ. ಕ್ರೋಮ್ ಹಾಗಲ್ಲ. ಅದರ ಪಾಸ್‌ವರ್ಡ್‌ಗಳಿಗೆ ವಿಂಡೋಸ್ ಲಾಗಿನ್ನಿನ ಬೀಗ ಇದೆ, ಫೈಲ್ ಹೊತ್ತೊಯ್ದರೆ ಖಾಲಿ ಡಬ್ಬ. ಕ್ರೋಮ್ ಸೆಟ್ಟಿಂಗ್ಸ್‌ನಿಂದಲೇ ಸಿಎಸ್‌ವಿ ಫೈಲಾಗಿ ಎಕ್ಸ್‌ಪೋರ್ಟ್ ಮಾಡಬೇಕು. ಆ ಫೈಲಿನಲ್ಲಿ ಎಲ್ಲವೂ ಬಯಲಾಗಿ ಬರೆದಿರುತ್ತದೆ. ಹೊಸ ಬ್ರೌಸರಿಗೆ ಸೇರಿಸಿದ ಕೂಡಲೇ ಅಳಿಸಿ. ಟ್ಯಾಲಿ ಇಟ್ಟುಕೊಂಡವರು ಡೇಟಾ ಜೊತೆಗೆ ಲೈಸೆನ್ಸನ್ನೂ ಹಳೇ ಯಂತ್ರದಲ್ಲೇ ಸರೆಂಡರ್ ಮಾಡಿಬಿಡುವುದು ಒಳ್ಳೆಯದು.

ಕಾಪಿಗೆ 1 ಟಿಬಿಯ ಎಕ್ಸ್‌ಟರ್ನಲ್ ಡಿಸ್ಕ್, ಎನ್‌ಟಿಎಫ್‌ಎಸ್ ಫಾರ್ಮ್ಯಾಟ್. ಎಫ್‌ಎಟಿ32ರಲ್ಲಿ 4 ಜಿಬಿಗೆ ಮೀರಿದ ಒಂದೇ ಫೈಲ್ ಕೂರುವುದಿಲ್ಲ. ಮದುವೆ ವಿಡಿಯೋ, ದೊಡ್ಡ ಪಿಎಸ್‌ಟಿ ಅಲ್ಲೇ ನಿಲ್ಲುತ್ತವೆ. ವಿಂಡೋಸ್ 7ರದೇ ಬ್ಯಾಕಪ್ ಸಾಧನ ಬಳಸಲಿಲ್ಲ. ಅದು ಎಲ್ಲವನ್ನೂ ತನ್ನದೇ ರೀತಿಯಲ್ಲಿ ಜಿಪ್ ತುಂಡುಗಳಾಗಿ ಕಟ್ಟುತ್ತದೆ, ಮಿಂಟ್‌ನಲ್ಲಿ ಬಿಚ್ಚಿಕೊಳ್ಳುವುದು ತಲೆನೋವು. ಕೈಯಾರೆ ಜಿಪ್ ಮಾಡೋಣವೆಂದರೆ ಕನ್ನಡ ಹೆಸರಿನ ಫೈಲ್ ಕಂಡೊಡನೆ ವಿಂಡೋಸ್ 7 ಈ ಅಕ್ಷರ ನನ್ನಿಂದಾಗದು ಎಂದು ಕೈಚೆಲ್ಲುತ್ತದೆ. ಫೈಲನ್ನು ಫೈಲಾಗಿಯೇ ಕಾಪಿ ಮಾಡುವುದೇ ಸರಿ.

ಅದಕ್ಕೆ ರೋಬೋಕಾಪಿ, ವಿಂಡೋಸ್ 7ರಲ್ಲೇ ಇದೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ರೋಬೋಕಾಪಿ, ಎಲ್ಲಿಂದ, ಎಲ್ಲಿಗೆ, ಆಮೇಲೆ ಸ್ವಿಚ್‌ಗಳು. ಸ್ಲ್ಯಾಶ್ ಇ ಹಾಕಿದರೆ ಒಳಗಿನ ಫೋಲ್ಡರ್‌ಗಳೆಲ್ಲ ಬರುತ್ತವೆ. ಸ್ಲ್ಯಾಶ್ ಎಕ್ಸ್‌ಜೆ ಮರೆಯಬಾರದು: ಆ್ಯಪ್‌ಡೇಟಾದಲ್ಲಿ ತನ್ನನ್ನೇ ತೋರಿಸುವ ಕೊಂಡಿಗಳಿವೆ, ಅದಿಲ್ಲದಿದ್ದರೆ ರೋಬೋಕಾಪಿ ಅದೇ ಫೋಲ್ಡರಿನೊಳಗೆ ಸುತ್ತುತ್ತಲೇ ಇರುತ್ತದೆ. ಸ್ಲ್ಯಾಶ್ ಆರ್ ಕೋಲನ್ 1, ಸ್ಲ್ಯಾಶ್ ಡಬ್ಲ್ಯೂ ಕೋಲನ್ 1 ಅಂದರೆ ಸಿಗದ ಫೈಲಿಗೆ ಒಂದೇ ಮರುಪ್ರಯತ್ನ, ಒಂದೇ ಸೆಕೆಂಡ್ ಕಾಯುವಿಕೆ. ಇವನ್ನು ಹಾಕದಿದ್ದರೆ ಅದು 30 ಸೆಕೆಂಡಿಗೊಮ್ಮೆ ಹತ್ತು ಲಕ್ಷ ಸಲ ಯತ್ನಿಸುತ್ತದೆ. ಲೆಕ್ಕ ಹಾಕಿ, ಒಂದೇ ಕೆಟ್ಟ ಫೈಲಿಗೆ 347 ದಿನ. ಲಾಗ್ ಬೇಕಾದರೆ ಸ್ಲ್ಯಾಶ್ ಲಾಗ್ ಬೇಡ, ಸ್ಲ್ಯಾಶ್ ಯೂನಿಲಾಗ್ ಬಳಸಿ. ಮೊದಲನೆಯದರಲ್ಲಿ ಕನ್ನಡ ಹೆಸರುಗಳೆಲ್ಲ ಪ್ರಶ್ನೆ ಚಿಹ್ನೆಗಳಾಗುತ್ತವೆ. ಸ್ಲ್ಯಾಶ್ ಎಂಐಆರ್ ಎಂಬ ಸ್ವಿಚ್ಚಿನ ತಂಟೆಗೆ ಹೋಗಬೇಡಿ. ಮೂಲದಲ್ಲಿ ಇಲ್ಲದ್ದನ್ನೆಲ್ಲ ಅದು ಬ್ಯಾಕಪ್ ಕಡೆಯಿಂದ ಅಳಿಸಿಹಾಕುತ್ತದೆ. ದಾರಿ ತಪ್ಪಿ ಬರೆದರೆ ಇದ್ದ ಬ್ಯಾಕಪ್ಪೂ ಹೋಯಿತು.

ಔಟ್‌ಲುಕ್, ಬ್ರೌಸರ್ ಎಲ್ಲ ಮುಚ್ಚಿಯೇ ಶುರುಮಾಡಬೇಕು. ತೆರೆದಿದ್ದರೆ ಪಿಎಸ್‌ಟಿಗೆ ಎರರ್ 32 ಬರುತ್ತದೆ, ಬೇರೆ ಪ್ರೋಗ್ರಾಮ್ ಹಿಡಿದುಕೊಂಡಿದೆ ಎಂದು ಅರ್ಥ. 140 ಜಿಬಿ ಇತ್ತು. ಹಳೇ ಬೋರ್ಡಿನ ಯುಎಸ್‌ಬಿ 2 ಪೋರ್ಟಿನಲ್ಲಿ ಸೆಕೆಂಡಿಗೆ 30 ಎಂಬಿ ಹಿಡಿದರೂ ಒಂದು ಗಂಟೆ ಇಪ್ಪತ್ತು ನಿಮಿಷ ಆಗಬೇಕು. ಸಣ್ಣ ಸಣ್ಣ ಫೋಟೋಗಳೇ ಜಾಸ್ತಿ ಇದ್ದುದರಿಂದ ಮೂರು ಗಂಟೆ ಹತ್ತಿರ ಬಂತು. ಡಿ ಡ್ರೈವನ್ನು ಬುಡದಿಂದಲೇ ಕಾಪಿ ಮಾಡಿದಾಗ ಬ್ಯಾಕಪ್‌ನಲ್ಲಿ ಅದನ್ನು ಹಾಕಿದ ಫೋಲ್ಡರೇ ಕಾಣಲಿಲ್ಲ. ಡ್ರೈವಿನ ಬುಡಕ್ಕಿರುವ ಹಿಡನ್, ಸಿಸ್ಟಮ್ ಗುರುತುಗಳೂ ಜೊತೆಗೆ ಬಂದಿದ್ದವು. ಅಟ್ರಿಬ್ ಕಮಾಂಡಿನಿಂದ ಎರಡನ್ನೂ ತೆಗೆದ ಮೇಲೆ ಕಾಣಿಸಿತು.

ಲಾಗಿನ ಕೊನೆಯಲ್ಲಿ ಒಂದು ಕೋಷ್ಟಕ ಇರುತ್ತದೆ, ನೋಡಬೇಕಾದ್ದು ಅದರ ಫೇಲ್ಡ್ ಕಾಲಂ. ಯೂಸರ್ಸ್ ಫೋಲ್ಡರಿಗೆ ಅಲ್ಲಿ ಸೊನ್ನೆ ಬರುವುದಿಲ್ಲ. ಎನ್‌ಟಿಯೂಸರ್ ಎಂಬ ರಿಜಿಸ್ಟ್ರಿ ಫೈಲನ್ನು ನಿಮ್ಮ ಲಾಗಿನ್ನೇ ಹಿಡಿದುಕೊಂಡಿರುತ್ತದೆ, ಅದು ಬೇಕಾಗಿಯೂ ಇಲ್ಲ. ಉಳಿದ ಹೆಸರುಗಳನ್ನು ಒಂದೊಂದಾಗಿ ನೋಡಿ.

ಪರೀಕ್ಷೆಯನ್ನು ವಿಂಡೋಸ್‌ನಲ್ಲಿ ಮಾಡಲಿಲ್ಲ. ಯಂತ್ರವನ್ನು ಪೂರ್ತಿ ಶಟ್‌ಡೌನ್ ಮಾಡಿ (ಹೈಬರ್ನೇಟ್ ಅಲ್ಲ), ಮಿಂಟ್‌ನ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದೆ. ಟರ್ಮಿನಲ್‌ನಲ್ಲಿ ಡಿಫ್ ಕಮಾಂಡಿಗೆ ಆರ್ ಮತ್ತು ಕ್ಯೂ ಆಪ್ಷನ್ ಕೊಟ್ಟು ಹಳೇ ಡಿಸ್ಕಿನ ಡಾಕ್ಯುಮೆಂಟ್ಸನ್ನು ಬ್ಯಾಕಪ್‌ನ ಡಾಕ್ಯುಮೆಂಟ್ಸ್ ಎದುರು ಹಿಡಿದೆ. ಎರಡೂ ಕಡೆಯ ಫೈಲನ್ನು ಅದು ಬೈಟ್ ಬೈಟಾಗಿ ತಾಳೆ ನೋಡುತ್ತದೆ, ವ್ಯತ್ಯಾಸ ಇದ್ದರೆ ಮಾತ್ರ ಬಾಯಿ ಬಿಡುತ್ತದೆ. ಮೈ ಮ್ಯೂಸಿಕ್, ಮೈ ಪಿಕ್ಚರ್ಸ್ ಎಂಬ ಹೆಸರು ಬಂದರೆ ಚಿಂತೆಯಿಲ್ಲ, ಎಕ್ಸ್‌ಜೆ ಬಿಟ್ಟುಬಂದ ಕೊಂಡಿಗಳು ಅವು. ವೈಫೈ, ಪ್ರಿಂಟರ್ ಮಿಂಟ್‌ನಲ್ಲಿ ನಡೆಯುತ್ತವೆಯೇ ಎಂಬುದೂ ಇದೇ ಹೊತ್ತಿಗೆ ತಿಳಿಯಿತು.

ಇನ್‌ಸ್ಟಾಲ್‌ಗೆ ಮುನ್ನ ಹಳೇ ಡಿಸ್ಕಿನ ಸಾಟಾ ಕೇಬಲ್ ಕಿತ್ತು, ಡಿಸ್ಕನ್ನೇ ಹೊರಗೆ ತೆಗೆದೆ. ಇನ್‌ಸ್ಟಾಲರ್‌ನಲ್ಲಿ ತಪ್ಪು ಡಿಸ್ಕ್ ಆರಿಸಿಕೊಳ್ಳುವ ಪ್ರಮೇಯವೇ ಇಲ್ಲ, ಎರಡನೇ ಪ್ರತಿಯೂ ಖರ್ಚಿಲ್ಲದೆ ಸಿಕ್ಕಿತು. ಮಾರ್ಕರ್‌ನಿಂದ ತಾರೀಖು ಬರೆದು ಎಸ್‌ಎಸ್‌ಡಿ ಬಂದ ಡಬ್ಬದಲ್ಲೇ ಇಟ್ಟಿದ್ದೇನೆ. ಆರು ತಿಂಗಳು ಅದನ್ನು ಮುಟ್ಟುವುದಿಲ್ಲ.

ವಾಪಸ್ ಸುರಿಯುವಾಗ ಒಂದು ವಿಚಿತ್ರ ತೊಡಕು. ಹನ್ನೊಂದು ಫೈಲ್‌ಗಳಿಗೆ ಹೆಸರು ತುಂಬ ಉದ್ದ ಎಂದು ಎರರ್ ಬಂತು. ವಿಂಡೋಸ್‌ನಲ್ಲಿ ಹೆಸರಿನ ಮಿತಿ 255 ಅಕ್ಷರಸಂಕೇತ. ಮಿಂಟ್ ಬಳಸುವ ಎಕ್ಸ್‌ಟಿ4 ಡಿಸ್ಕ್ ಫಾರ್ಮ್ಯಾಟ್‌ನಲ್ಲಿ 255 ಬೈಟ್. ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು, ಅಂದರೆ 85ಕ್ಕೇ ಮುಗಿಯಿತು. 'ಸ್ತ್ರೀ' ಎಂಬ ಒಂದು ಅಕ್ಷರವೇ 6 ಸಂಕೇತ, 18 ಬೈಟ್. ಸಿಕ್ಕಿಬಿದ್ದವೆಲ್ಲ ಲೇಖನದ ಪೂರ್ತಿ ತಲೆಬರಹವನ್ನೇ ಹೆಸರಾಗಿಟ್ಟು ಸೇವ್ ಮಾಡಿದ ವೆಬ್ ಪುಟಗಳು. ಬ್ಯಾಕಪ್ ಡಿಸ್ಕಿನಲ್ಲೇ ಹೆಸರು ಮೊಟಕು ಮಾಡಿ ಮತ್ತೆ ಕಾಪಿ ಮಾಡಿದೆ.

ಪಿಎಸ್‌ಟಿಯನ್ನು ರೀಡ್‌ಪಿಎಸ್‌ಟಿ ಎಂಬ ಸಾಧನ ಬೇರೆ ಮೇಲ್ ಪ್ರೋಗ್ರಾಮ್‌ಗಳೂ ಓದುವ ಎಂಬಾಕ್ಸ್ ರೂಪಕ್ಕೆ ತಂದುಕೊಟ್ಟಿತು. ನುಡಿ ಮತ್ತು ಬರಹದ ಫಾಂಟುಗಳನ್ನು ಹೋಮ್ ಫೋಲ್ಡರಿನ ಡಾಟ್ ಲೋಕಲ್, ಶೇರ್, ಫಾಂಟ್ಸ್ ಒಳಗೆ ಹಾಕಿ, ಫಾಂಟ್ ಪಟ್ಟಿಯನ್ನು ಹೊಸದು ಮಾಡುವ ಎಫ್‌ಸಿ ಕ್ಯಾಶ್ ಓಡಿಸಿದೆ. ಲಿಬ್ರೆ ಆಫೀಸ್‌ನಲ್ಲಿ ಹಳೇ ಪತ್ರಗಳು ಮೊದಲಿನಂತೆಯೇ ತೆರೆದವು. ಹೊಸದಾಗಿ ಬರೆಯಲು ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡದ ಕಗಪ ವಿನ್ಯಾಸವಿದೆ, ಅದು ಯೂನಿಕೋಡ್. ಹಳೇ ಪತ್ರವನ್ನು ತಿದ್ದುವಾಗ ಮಾತ್ರ ಹುಷಾರಾಗಿರಬೇಕು: ಅದರ ನಡುವೆ ಕಗಪದಲ್ಲಿ ಒಂದು ಸಾಲು ಸೇರಿಸಿ ಇಡೀ ಪುಟಕ್ಕೆ ಒಂದೇ ಫಾಂಟ್ ಕೊಟ್ಟರೆ ಹಳೆಯ ಸಾಲುಗಳೆಲ್ಲ ಮತ್ತೆ ಆ ಪಿ ಮತ್ತು ಓರೆಗೀಟಿನ ಎ ಆಗಿ ಕೂರುತ್ತವೆ.