ನೂಲಿನ ತೂಕದಿಂದ ಅಣ್ವಸ್ತ್ರ ನಿಯಂತ್ರಣ: ಬನಹಟ್ಟಿಯ ರಾತ್ರಿ ತರಗತಿಯ ನನ್ನ ಅನುಭವ

ಹೆಚ್ಚಾಗಿ ಮಗ್ಗದ ಕೆಲಸಗಾರರೇ ಬರುವ ನಮ್ಮ ರಾತ್ರಿ ತರಗತಿಯ 14 ಮಂದಿ ಈ ಸಲ ಮುಕ್ತ ವಿಶ್ವವಿದ್ಯಾನಿಲಯದ ಬಿ.ಎ. ಪರೀಕ್ಷೆಯಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ಪತ್ರಿಕೆ ಬರೆದರು. 11 ಮಂದಿ ಪಾಸಾದರು. ಅವರಲ್ಲಿ ಎಂಟು ಮಂದಿ ನಿಶ್ಶಸ್ತ್ರೀಕರಣದ ದೀರ್ಘ ಪ್ರಶ್ನೆಯನ್ನೇ ಆಯ್ದುಕೊಂಡು ಉತ್ತರಿಸಿದ್ದರು. ಬನಹಟ್ಟಿ, ರಬಕವಿ ಭಾಗದಲ್ಲಿ ವಯಸ್ಕರಿಗೆ ಪಾಠ ಹೇಳುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ, ಏಕೆಂದರೆ ಆ ಘಟಕವನ್ನು ನಾವೆಲ್ಲರೂ 'ಆಯ್ಕೆಯಲ್ಲಿ ಬಿಡಿ' ಎಂದು ಹೇಳಿಕೊಂಡೇ ಬಂದಿದ್ದೇವೆ. ನಾನು ಬಿಡುವುದಿಲ್ಲ ಎಂದಾಗ ನಿವೃತ್ತ ಉಪನ್ಯಾಸಕ ಮಿತ್ರರೊಬ್ಬರು, 'ಮಗ್ಗ ಬಿಟ್ಟು ಬರಾವ್ರಿಗೆ ಅಣುಬಾಂಬ್ ಯಾಕ್ರಿ, ಪಂಚಾಯತ್ ರಾಜ್ ಬಾಯಿಪಾಠ ಮಾಡಸ್ರಿ, ಸಾಕು' ಎಂದಿದ್ದರು. ಅವರು ಹೇಳಿದ್ದು ನನ್ನ ಮೊದಲೆರಡು ವರ್ಷಗಳ ಮಟ್ಟಿಗೆ ನಿಜವೇ ಆಯಿತು.

ಮೊದಲ ತಂಡದಲ್ಲಿ ಸುಮಾರು 19 ಮಂದಿ ಸೇರಿದ್ದರು. ಎಲ್ಲರೂ ಓದುವಂತೆ ನಾನೂ ಇತಿಹಾಸದಿಂದ ಆರಂಭಿಸಿ ಹಿರೋಶಿಮಾ, ಶೀತಲ ಸಮರ, 1963ರ ಭಾಗಶಃ ಪರೀಕ್ಷಾ ನಿಷೇಧ, 1968ರ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದ, 1996ರ ಸಿಟಿಬಿಟಿ (ಸಮಗ್ರ ಅಣುಪರೀಕ್ಷಾ ನಿಷೇಧ ಒಪ್ಪಂದ) ಎಂದು ಇಸವಿಗಳ ಸಾಲನ್ನೇ ಹಲಗೆಯ ಮೇಲೆ ಬರೆದೆ. ಹತ್ತು ತಾಸು ಮಗ್ಗದ ಸದ್ದಿನಲ್ಲಿ ನಿಂತು ಬಂದವರು ಎಂಟೂವರೆಗೆಲ್ಲ ತೂಕಡಿಸುತ್ತಿದ್ದರು. ಪರೀಕ್ಷೆಗೆ ಕುಳಿತವರು ನಾಲ್ವರು, ಪಾಸಾದವರು ಒಬ್ಬರು. ಆ ವರ್ಷ ಕೋಣೆಯ ಬಾಡಿಗೆ ತಿಂಗಳಿಗೆ 1,200 ರೂಪಾಯಿ ಇತ್ತು, ಝೆರಾಕ್ಸ್‌ಗೆ ವರ್ಷಕ್ಕೆ ಐದಾರು ಸಾವಿರ ಹೋಯಿತು. ತಿಂಗಳಿಗೆ 100 ರೂಪಾಯಿ ಶುಲ್ಕವೆಂದು ಗೊತ್ತುಮಾಡಿದ್ದರೂ ವಾರದ ಬಟವಾಡೆ ತಪ್ಪಿದಾಗ ಯಾರನ್ನೂ ಕೇಳುವ ಮನಸ್ಸಾಗುತ್ತಿರಲಿಲ್ಲ. ಎರಡು ವರ್ಷಕ್ಕೆ ನನ್ನ ಕೈಯಿಂದ ಹೋದದ್ದು 30 ಸಾವಿರಕ್ಕೆ ಕಡಿಮೆಯಿಲ್ಲ. ಎರಡನೆಯ ವರ್ಷ ಬಾಡಿಗೆಗೆ ಪ್ರೊಜೆಕ್ಟರ್ ತಂದು ಚಿತ್ರಗಳನ್ನು ತೋರಿಸಿದೆ. ನಿದ್ದೆ ಸ್ವಲ್ಪ ಕಡಿಮೆಯಾಯಿತೇ ಹೊರತು ಉತ್ತರ ಬರೆಯುವ ಕೈ ಯಾರಿಗೂ ಬರಲಿಲ್ಲ.

ದಾರಿ ಸಿಕ್ಕಿದ್ದು ಮೂರನೆಯ ವರ್ಷದ ಒಂದು ಸಂಜೆ. ಅಣುವಸ್ತು ಬಾಂಬಿಗೆ ಹೋಗದಂತೆ ನಿಗಾ ಇಡುವ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಕರು ಒಂದು ಅಣು ಘಟಕಕ್ಕೆ ಹೋಗಿ ಏನು ಮಾಡುತ್ತಾರೆ ಎಂದು ಹೇಳುತ್ತಿದ್ದೆ. ಒಳಗೆ ಬಂದ ವಸ್ತು ಎಷ್ಟು, ಹೊರಗೆ ಹೋದದ್ದು ಎಷ್ಟು, ಉಳಿದದ್ದು ಎಷ್ಟು ಎಂದು ಲೆಕ್ಕ ಹಾಕಿ, ಲೆಕ್ಕಕ್ಕೆ ಸಿಗದ ವಸ್ತುವನ್ನು ಬೇರೆಯಾಗಿ ಗುರುತಿಸುತ್ತಾರೆ ಎಂದಾಗ, ಹಿಂದಿನ ಸಾಲಿನಲ್ಲಿ ಕುಳಿತಿದ್ದ ನಲವತ್ತು ದಾಟಿದ ಅಕ್ಕನೊಬ್ಬರು ತಲೆ ಎತ್ತಿ, 'ಸರ್, ಇದು ನಮ್ಮ ನೂಲಿನ ಲೆಕ್ಕ ಅಲ್ಲೇನ್ರಿ?' ಎಂದರು. ಸಾವುಕಾರರು ನೂಲನ್ನು ತೂಗಿ ಕೊಡುತ್ತಾರೆ, ಸೀರೆಯನ್ನು ತೂಗಿ ಒಯ್ಯುತ್ತಾರೆ, ನಡುವಿನ ವ್ಯತ್ಯಾಸದಲ್ಲಿ ಇಷ್ಟನ್ನು ವೇಸ್ಟ್ ಎಂದು ಒಪ್ಪಿ, ಮಿಕ್ಕದ್ದನ್ನು ಮಜೂರಿಯಲ್ಲಿ ಮುರಿದುಕೊಳ್ಳುತ್ತಾರೆ. ಆ ಕೋಣೆಯಲ್ಲಿದ್ದ ಪ್ರತಿಯೊಬ್ಬರೂ ಆ ವ್ಯತ್ಯಾಸಕ್ಕಾಗಿ ಒಮ್ಮೆಯಾದರೂ ಜಗಳವಾಡಿದವರೇ.

ಮರುದಿನವೇ 1,800 ರೂಪಾಯಿ ಕೊಟ್ಟು ಒಂದು ಎಲೆಕ್ಟ್ರಾನಿಕ್ ತಕ್ಕಡಿ ಕೊಂಡೆ. ಈ ಎಲ್ಲ ವರ್ಷಗಳಲ್ಲಿ ನಾನು ಮಾಡಿದ ಅತ್ಯುತ್ತಮ ಖರ್ಚು ಅದು. ಏಪ್ರಿಲ್‌ನ ಒಂದು ಮಧ್ಯಾಹ್ನ 2 ಕಿಲೋ ಹತ್ತಿ ನೂಲಿನ ಕಟ್ಟನ್ನು ತೂಗಿ, ಚೀಟಿ ಅಂಟಿಸಿ, ಕಿಟಕಿಯ ಪಕ್ಕದ ಗೂಟಕ್ಕೆ ನೇತುಹಾಕಿದೆವು. ಜುಲೈನಲ್ಲಿ ಜಿಟಿಜಿಟಿ ಮಳೆ ಹಿಡಿದ ವಾರ ಅದೇ ಕಟ್ಟನ್ನು ತಕ್ಕಡಿಗೆ ಇಟ್ಟಾಗ ಸುಮಾರು 90 ಗ್ರಾಂ ಹೆಚ್ಚು ತೂಗಿತು. ಯಾರೂ ಏನನ್ನೂ ಸೇರಿಸಿರಲಿಲ್ಲ, ಹತ್ತಿ ಗಾಳಿಯ ತೇವವನ್ನು ಕುಡಿದಿತ್ತು. ವ್ಯತ್ಯಾಸ ಕಂಡ ಮಾತ್ರಕ್ಕೆ ಕಳವಾಗಿದೆ ಎನ್ನಲಾಗದು, ವ್ಯತ್ಯಾಸ ಸೊನ್ನೆಯಾದ ಮಾತ್ರಕ್ಕೆ ಕಳವಾಗಿಲ್ಲ ಎನ್ನಲೂ ಆಗದು ಎಂಬ ಮಾತನ್ನು ಎರಡು ವರ್ಷ ಬಾಯಿಯಿಂದ ಹೇಳಿ ಸೋತಿದ್ದೆ. ಆ ಸಂಜೆ ಅದು ಅವರ ಕಣ್ಣೆದುರಿಗೇ ಇತ್ತು. ಆಮೇಲೆ ಅಂಕಿಗಳನ್ನು ಕೊಟ್ಟೆ. ಒಂದು ಬಾಂಬಿನ ಸಾಧ್ಯತೆಯನ್ನು ತಳ್ಳಿಹಾಕಲಾಗದ ಪ್ರಮಾಣವೆಂದು ಆ ಸಂಸ್ಥೆ ಲೆಕ್ಕಕ್ಕೆ ಹಿಡಿದಿರುವುದು ಪ್ಲುಟೋನಿಯಂ ಆದರೆ 8 ಕಿಲೋ, ಹೆಚ್ಚು ಸಮೃದ್ಧಗೊಳಿಸಿದ ಯುರೇನಿಯಂ ಆದರೆ ಅದರೊಳಗಿನ ಯುರೇನಿಯಂ-235 ತೂಕದಲ್ಲಿ 25 ಕಿಲೋ. ಟನ್‌ಗಟ್ಟಲೆ ವಸ್ತು ಹಾಯ್ದುಹೋಗುವ ದೊಡ್ಡ ಘಟಕದಲ್ಲಿ ಅಷ್ಟನ್ನು ಹಿಡಿಯುವುದು ಎಷ್ಟು ಕಷ್ಟ ಎಂದು ಆಗ ಯಾರಿಗೂ ವಿವರಿಸಬೇಕಾಗಲಿಲ್ಲ.

ಅದೇ ಅಕ್ಕ ಮುಂದಿನ ವಾರ ಇನ್ನೊಂದು ಮಾತು ಎತ್ತಿದರು: 'ಬರೇ ತೂಕ ನೋಡಿದ್ರ ಆಗಂಗಿಲ್ರಿ ಸರ್. ಗಂಜಿ ಜಾಸ್ತಿ ಕುಡಿಸಿದ್ರ ತೂಕ ತಾನ ಬರ್ತದ. ಎಳಿ ತಗದು ಉಜ್ಜಿ ನೋಡಬೇಕ್ರಿ.' ತಪಾಸಕರು ತೂಕದ ಜೊತೆಗೆ ಮಾದರಿಯನ್ನು ತೆಗೆದು ವಿಯೆನ್ನಾದ ಬಳಿಯ ಸೈಬರ್ಸ್‌ಡಾರ್ಫ್ ಪ್ರಯೋಗಾಲಯಕ್ಕೆ ಕಳುಹಿಸುವುದು, 1991ರಲ್ಲಿ ಇರಾಕ್‌ನ ಗುಪ್ತ ಕಾರ್ಯಕ್ರಮ ಬಯಲಾದ ಮೇಲೆ ಗೋಡೆ, ಯಂತ್ರಗಳನ್ನು ಬಟ್ಟೆಯಿಂದ ಒರೆಸಿ ಕಣಗಳನ್ನು ಪರೀಕ್ಷಿಸುವ ಪದ್ಧತಿ ಬಂದದ್ದು, ಇವೆಲ್ಲವನ್ನೂ ಅವರ ಆ ಮಾತಿನ ಬೆನ್ನಿಗೇ ಹೇಳಿದೆ. ಒಪ್ಪಂದಗಳನ್ನೂ ಅಂದಿನಿಂದ ತಿರುಗಿಸಿ ಕಲಿಸತೊಡಗಿದೆ. ಮೊದಲು ಯಾರು ಯಾರ ಲೆಕ್ಕವನ್ನು ಹೇಗೆ ನೋಡುತ್ತಿದ್ದರು, ಕೊನೆಗೆ ಇಸವಿ. ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳ ನಡುವಿನ 1987ರ ಐಎನ್‌ಎಫ್ (ಮಧ್ಯಮ ವ್ಯಾಪ್ತಿಯ ಕ್ಷಿಪಣಿಗಳ) ಒಪ್ಪಂದದಲ್ಲಿ 2,692 ಕ್ಷಿಪಣಿಗಳು ನಾಶವಾದವು ಎನ್ನುವುದಕ್ಕಿಂತ, ಸೋವಿಯತ್‌ನ ವೋಟ್ಕಿನ್ಸ್ಕ್ ಕ್ಷಿಪಣಿ ಕಾರ್ಖಾನೆಯ ಗೇಟಿನಲ್ಲಿ ಅಮೆರಿಕದವರೂ ಯೂಟಾದ ಮ್ಯಾಗ್ನಾದಲ್ಲಿ ಸೋವಿಯತ್‌ನವರೂ ಕಾವಲು ಕುಳಿತಿದ್ದರು ಎಂಬುದು ಅವರಿಗೆ ಮರೆಯಲಿಲ್ಲ. ಅಮೆರಿಕ ಮತ್ತು ರಷ್ಯಾಗಳ ದೂರಗಾಮಿ ಅಣ್ವಸ್ತ್ರಗಳಿಗೆ ಮಿತಿ ಹಾಕಿದ ನ್ಯೂ ಸ್ಟಾರ್ಟ್ ಒಪ್ಪಂದದ ಸ್ಥಳ ತಪಾಸಣೆಗಳು 2020ರ ಮಾರ್ಚಿನಲ್ಲಿ ಕೋವಿಡ್‌ನಿಂದ ನಿಂತು ಮತ್ತೆ ಆರಂಭವಾಗಲೇ ಇಲ್ಲ, 2023ರ ಫೆಬ್ರುವರಿಯಲ್ಲಿ ರಷ್ಯಾ ತನ್ನ ಪಾಲ್ಗೊಳ್ಳುವಿಕೆಯನ್ನೇ ತಡೆಹಿಡಿಯಿತು ಎಂದು ಹೇಳಿದಾಗ ತರಗತಿ ಸುಮ್ಮನಾಯಿತು. ಲೆಕ್ಕ ನೋಡುವವರು ಬರುವುದು ನಿಂತರೆ ಏನಾಗುತ್ತದೆಂದು ಅವರು ಕಂಡವರು.

ಭಾರತ ಮತ್ತು ಪಾಕಿಸ್ತಾನಗಳು 1988ರ ಡಿಸೆಂಬರ್ 31ರಂದು ಸಹಿ ಹಾಕಿದ ಒಪ್ಪಂದವನ್ನು ಮಾತ್ರ ನಾನು ಬೇರೆ ರೀತಿಯಲ್ಲಿ ಕಲಿಸುತ್ತೇನೆ. ಒಬ್ಬರ ಅಣು ಸ್ಥಾವರಗಳ ಮೇಲೆ ಇನ್ನೊಬ್ಬರು ದಾಳಿ ಮಾಡಬಾರದೆಂಬ ಈ ಒಪ್ಪಂದದಂತೆ 1992ರಿಂದ ಪ್ರತಿ ಜನವರಿ 1ಕ್ಕೆ ಎರಡೂ ದೇಶಗಳು ಸ್ಥಾವರಗಳ ಪಟ್ಟಿಯನ್ನು ವಿನಿಮಯ ಮಾಡಿಕೊಳ್ಳುತ್ತವೆ. ಕಾರ್ಗಿಲ್ ಯುದ್ಧದ ನಂತರವೂ, ಸಂಸತ್ತಿನ ಮೇಲೆ ದಾಳಿಯಾಗಿ ಗಡಿಯಲ್ಲಿ ಸೈನ್ಯ ಜಮಾಯಿಸಿದ್ದ 2002ರಲ್ಲೂ ಅದು ತಪ್ಪಲಿಲ್ಲ. ಹೊಸ ವರ್ಷದ ಸಂಜೆ ನಾವು ರಜೆ ಮಾಡುವುದಿಲ್ಲ, ಆ ಸುದ್ದಿಯನ್ನು ಗಟ್ಟಿಯಾಗಿ ಓದಿ ತರಗತಿ ಆರಂಭಿಸುತ್ತೇವೆ.

ಅಣು ಸುರಕ್ಷತೆಯ ಪಾಠಕ್ಕೆ ನೂಲು ಒದಗಲಿಲ್ಲ. ಮಹಾಲಿಂಗಪುರದ ಕಡೆಯಿಂದ ಬರುವ ಹುಡುಗನೊಬ್ಬ, ಬೆಲ್ಲದ ಗಾಣದಲ್ಲಿ ಒಲೆಯ ಉರಿ ತೆಗೆದ ಮೇಲೂ ಕಡಾಯಿ ಕುದಿಯುತ್ತದೆ, ರಿಯಾಕ್ಟರೂ ಹಾಗೆಯೇ ಅಲ್ಲವೇ ಎಂದ. ನಾನು ಸಂತೋಷದಿಂದ ಒಪ್ಪಿಕೊಂಡುಬಿಟ್ಟೆ, ಅದು ತಪ್ಪಾಯಿತು. ಕಡಾಯಿಯಲ್ಲಿರುವುದು ಹಳೆಯ ಬಿಸಿ, ಅದು ತಾನಾಗಿ ಆರುತ್ತದೆ. ರಿಯಾಕ್ಟರ್ ನಿಲ್ಲಿಸಿದ ಗಳಿಗೆಯಲ್ಲಿ ಅದರ ಶಕ್ತಿಯ ಶೇ. 6ರಿಂದ 7ರಷ್ಟು ಶಾಖ ವಿದಳನದ (ಪರಮಾಣು ಒಡೆಯುವಿಕೆಯ) ಉಳಿಕೆಗಳಿಂದ ಹೊಸದಾಗಿಯೇ ಹುಟ್ಟುತ್ತಿರುತ್ತದೆ, ಬರಬರುತ್ತ ಕಡಿಮೆಯಾದರೂ ತಂಪು ಮಾಡುವ ನೀರು ನಿಲ್ಲುವಂತಿಲ್ಲ. 2011ರ ಮಾರ್ಚ್ 11ರಂದು ಫುಕುಶಿಮಾದಲ್ಲಿ ಓಡುತ್ತಿದ್ದ ರಿಯಾಕ್ಟರುಗಳು ಭೂಕಂಪವಾದ ಕೂಡಲೇ ಸರಿಯಾಗಿಯೇ ಬಂದ್ ಆಗಿದ್ದವು, ಸುನಾಮಿಯ ನೀರು ಡೀಸೆಲ್ ಜನರೇಟರುಗಳನ್ನು ಮುಳುಗಿಸಿದ್ದರಿಂದ ಅನಾಹುತವಾಯಿತು. ಕಡಾಯಿಯ ಹೋಲಿಕೆಯನ್ನು ಇಬ್ಬರು ಪರೀಕ್ಷೆಯಲ್ಲಿ ಹಾಗೆಯೇ ಬರೆದು ಅಂಕ ಕಳೆದುಕೊಂಡರು. ಈಗ ಹೋಲಿಕೆಯನ್ನು ಹೇಳಿದ ಕೂಡಲೇ ಅದು ಎಲ್ಲಿ ಮುರಿಯುತ್ತದೆ ಎಂಬುದನ್ನು ಅವರಿಂದಲೇ ಹೇಳಿಸುತ್ತೇನೆ.

ಕೈಗಾ ನಮ್ಮ ರಾಜ್ಯದ್ದೇ ಆದ್ದರಿಂದ ಪ್ರಶ್ನೆಗಳು ಅದರ ಸುತ್ತಲೇ ಹೆಚ್ಚು ಬರುತ್ತವೆ. ಒಂದನೆಯ ಘಟಕ 962 ದಿನ ನಿಲ್ಲದೆ ಓಡಿ 2018ರ ಡಿಸೆಂಬರ್ 31ರಂದು ನಿಂತದ್ದನ್ನೂ, ಕಟ್ಟುವಾಗ 1994ರ ಮೇ ತಿಂಗಳಲ್ಲಿ ರಿಯಾಕ್ಟರ್ ಕಟ್ಟಡದ ಗುಮ್ಮಟದ ಒಳಪದರ ಕುಸಿದದ್ದನ್ನೂ ನಾನು ಒಂದೇ ದಿನ ಹೇಳುತ್ತೇನೆ. ನಾಗರಿಕ ಮತ್ತು ಸೈನಿಕ ಅಣು ಸ್ಥಾವರಗಳನ್ನು ಬೇರ್ಪಡಿಸುವ ಭಾರತದ 2006ರ ಪ್ರತ್ಯೇಕೀಕರಣ ಯೋಜನೆಯಲ್ಲಿ ಅಂತರರಾಷ್ಟ್ರೀಯ ನಿಗಾಕ್ಕೆ ಒಳಪಡಿಸಲು ಒಪ್ಪಿದ 14 ರಿಯಾಕ್ಟರುಗಳಲ್ಲಿ ಕೈಗಾದವು ಇಲ್ಲ ಎಂದು ತಿಳಿದಾಗ, ಏಕೆ ಎಂಬ ಚರ್ಚೆ ಎರಡು ಸಂಜೆ ನಡೆಯಿತು. ಅದನ್ನು ನಾನು ತಡೆಯಲಿಲ್ಲ. ಪಠ್ಯ ಹಿಂದೆ ಬಿತ್ತು, ಆದರೆ ಆ ವರ್ಷದ ಅತ್ಯುತ್ತಮ ಉತ್ತರಗಳು ಆ ಚರ್ಚೆಯಿಂದ ಬಂದವು.

ಪ್ರವೇಶದ ಕಾಗದಗಳ ಕೆಲಸ ಪಾಠಕ್ಕಿಂತ ಹೆಚ್ಚು ದಣಿಸುತ್ತದೆ. ಎಸ್ಸೆಸ್ಸೆಲ್ಸಿ ಮುಗಿಸಿ ಹದಿನೈದು ವರ್ಷ ಕಳೆದವರನ್ನು ಖಾಸಗಿ ಅಭ್ಯರ್ಥಿಗಳಾಗಿ ದ್ವಿತೀಯ ಪಿಯುಸಿ ಕಲಾ ವಿಭಾಗಕ್ಕೆ ಕೂರಿಸಿ, ಆಮೇಲೆ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯಕ್ಕೋ ಇಗ್ನೋಗೋ ಸೇರಿಸುವುದು ನಮ್ಮ ಕ್ರಮ. ಹೆಣ್ಣುಮಕ್ಕಳ ಅಂಕಪಟ್ಟಿಯಲ್ಲಿ ತಂದೆಯ ಮನೆಯ ಅಡ್ಡಹೆಸರು, ಆಧಾರ್‌ನಲ್ಲಿ ಗಂಡನ ಮನೆಯದು. ಒಂದು ಕೇಂದ್ರದವರು ಇದೇ ಕಾರಣಕ್ಕೆ ಮೂವರ ಅರ್ಜಿಯನ್ನು ಕೊನೆಯ ದಿನ ಮರಳಿಸಿ, ಆ ಮೂವರಿಗೂ ಒಂದು ವರ್ಷ ನಷ್ಟವಾಯಿತು. ಆ ನೋವು ನನಗೆ ಇನ್ನೂ ಆರಿಲ್ಲ. ಈಗ ತರಗತಿಯ ಮೊದಲ ವಾರವೇ ಎಲ್ಲರ ಕಾಗದಗಳನ್ನು ತರಿಸಿ, ಹೆಸರು ಹೊಂದದಿದ್ದವರಿಗೆ ನೋಟರಿ ಅಫಿಡವಿಟ್ ಮಾಡಿಸುತ್ತೇನೆ. ಒಬ್ಬರಿಗೆ 200ರಿಂದ 300 ರೂಪಾಯಿ ಆಗುತ್ತದೆ, ಅದನ್ನು ಶುಲ್ಕದಲ್ಲಿಯೇ ಸೇರಿಸಿದ್ದೇನೆ.

ನಡುವೆ ಮಾಡಿದ ಒಂದು ಪ್ರಯೋಗವನ್ನೂ ಹೇಳಬೇಕು. ಮಗ್ಗದ ಮುಂದೆ ನಿಂತೇ ಕೇಳಲಿ ಎಂದು ಹತ್ತು ಹತ್ತು ನಿಮಿಷದ ಪಾಠಗಳನ್ನು ಮೊಬೈಲ್‌ನಲ್ಲಿ ಧ್ವನಿಮುದ್ರಿಸಿ ಕಳುಹಿಸಿದೆ. ಲಾಳಿಯ ಸದ್ದಿನಲ್ಲಿ ಒಂದಕ್ಷರವೂ ಕೇಳಲಿಲ್ಲ. ಇಯರ್‌ಫೋನ್ ಹಾಕಿಕೊಂಡ ಒಬ್ಬನಿಗೆ ಎಳೆ ಹರಿದದ್ದು ಗೊತ್ತಾಗದೆ ಅರ್ಧ ಸೀರೆ ಕೆಟ್ಟಿತು, ಅದರ ಹಣವನ್ನು ನಾನೇ ಕೊಟ್ಟೆ. ಆದರೆ ಮನೆಯಲ್ಲಿ ಕಂಡಿಕೆ (ಲಾಳಿಗೆ ಹಾಕುವ ನೂಲಿನ ಸುರುಳಿ) ಸುತ್ತುವ ಹೆಂಗಸರಿಗೆ ಅದೇ ಧ್ವನಿಪಾಠಗಳು ಚೆನ್ನಾಗಿ ಉಪಯೋಗಕ್ಕೆ ಬಂದವು, ಇಂದಿಗೂ ಅವರಿಗೆ ಕಳುಹಿಸುತ್ತಿದ್ದೇನೆ.

ಉತ್ತರ ಬರೆಸುವ ಕ್ರಮದಲ್ಲಿ ಇನ್ನೆರಡು ಗುಟ್ಟುಗಳಿವೆ. ಒಂದು, ತಕ್ಕಡಿಯ ಪಾಠವಾದ ದಿನವೇ ಬರೆಸಬಾರದು, ಮೂರು ದಿನ ಬಿಟ್ಟು ಬರೆಸಬೇಕು. ಇನ್ನೊಂದು, ಆ ಮೂರು ದಿನಗಳಲ್ಲಿ ನಾನು ಕೊಡುವ ಏಳು ಪ್ರಶ್ನೆಗಳು. ಅವುಗಳನ್ನು ಇಲ್ಲಿ ಬರೆಯುವುದಿಲ್ಲ, ತರಗತಿಗೆ ಬಂದು ಎರಡು ಸಂಜೆ ಕುಳಿತವರಿಗೆ ಕೊಡುತ್ತೇನೆ.

ನೂಲಿನ ಲೆಕ್ಕದ ಮಾತೆತ್ತಿದ ಅಕ್ಕ ಈಗ ಬಿ.ಎ. ಎರಡನೆಯ ವರ್ಷದಲ್ಲಿದ್ದಾರೆ. ಜೂನ್‌ನಿಂದ ರಬಕವಿಯಲ್ಲಿ ಎರಡನೆಯ ತರಗತಿ ಆರಂಭವಾಗುತ್ತಿದೆ, ಅಲ್ಲಿ ತಕ್ಕಡಿಯ ಪಾಠ ಅವರದೇ. ಕೋಣೆಗೆ 1,500 ಕೇಳಿದ್ದಾರೆ, ಇನ್ನೂ ಮಾತುಕತೆ ಮುಗಿದಿಲ್ಲ. ಏಪ್ರಿಲ್‌ನಲ್ಲಿ ತೂಗಿ ಚೀಟಿ ಹಚ್ಚಿದ ಹೊಸ ನೂಲಿನ ಕಟ್ಟನ್ನು ಅಕ್ಕ ಆಗಲೇ ತಮ್ಮ ಮನೆಯ ಗೂಟಕ್ಕೆ ತೂಗುಹಾಕಿದ್ದಾರೆ.