ಶಹಾಬಾದ್ ಫರಸಿ ಮೇಲೆ ಮಧ್ಯಾಂಕ: ನನ್ನ ಅನುಭವ

ವರ್ಗೀಕೃತ ದತ್ತಾಂಶದ (0–2, 2–4 ಹೀಗೆ ಗುಂಪು ಮಾಡಿದ ಲೆಕ್ಕದ) ಮಧ್ಯಾಂಕಕ್ಕೆ, ಅಂದರೆ ನಡುವಿನ ಬೆಲೆಗೆ, ಸೂತ್ರವನ್ನು ಕೊನೆಗೆ ಕೊಡುತ್ತೇನೆ ಅಂದಾಗ ಸ್ಟಾಫ್ ರೂಮಿನಲ್ಲಿ ಯಾರೂ ಒಪ್ಪಲಿಲ್ಲ. "3 ಮಾರ್ಕ್ಸಿಗೆ ಇಷ್ಟು ಹೊತ್ತು ಯಾಕ್ರೀ ಸರ್? ಬಾಯಿಪಾಠ ಮಾಡಿಸ್ರಿ, ಮುಗೀತು" ಅಂದರು. ಈ ಸಲ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಸುಮಾರು 50 ಮಕ್ಕಳಲ್ಲಿ 40ರ ಹತ್ತಿರ ಈ ಪ್ರಶ್ನೆಗೆ ಪೂರ್ತಿ ಅಂಕ ತೆಗೆದರು. ಮೊದಲು 15 ದಾಟಿದ್ದೇ ಜಾಸ್ತಿ.

ಬಾಯಿಪಾಠದ ಹಣೆಬರಹ ನಿಮಗೂ ಗೊತ್ತು. ಸೂತ್ರ ಎಲ್ಲರೂ ಬರೆಯುತ್ತಾರೆ. ಆಮೇಲೆ ಹಿಂದಿನ ವರ್ಗಾಂತರದ (ಗುಂಪಿನ) ಸಂಚಿತ ಆವೃತ್ತಿ, ಅಂದರೆ ಅಲ್ಲಿವರೆಗಿನ ಒಟ್ಟು ಎಣಿಕೆ, ಬಿಟ್ಟು ಅದೇ ವರ್ಗಾಂತರದ್ದು ಹಾಕುತ್ತಾರೆ. ಉತ್ತರ ವರ್ಗಾಂತರದಿಂದಲೇ ಹೊರಗೆ ಬಿದ್ದರೂ ಅನುಮಾನ ಬರುವುದಿಲ್ಲ. ಸೂತ್ರದ ಫ್ಲೆಕ್ಸ್ ಹೊಡೆಸಿ ತೂಗುಹಾಕಿದೆ, 400 ರೂಪಾಯಿ ಹೋಯಿತು. ಗೋಡೆಗೆ ಚೆಂದ ಕಂಡಿತು, ಅಷ್ಟೇ. ಗ್ರಾಫ್ ಹಾಳೆ ಕೊಂಡು ಓಜೀವ್ (ಸಂಚಿತ ಆವೃತ್ತಿಯ ವಕ್ರರೇಖೆ) ಹಾಕಿಸಿದೆ, ಅದಕ್ಕೊಂದು 700. ಸ್ಕೇಲ್ ಹಿಡಿಯುವುದರಲ್ಲೇ ಪೀರಿಯಡ್ ಮುಗಿಯುತ್ತಿತ್ತು.

ಕೆಲಸಕ್ಕೆ ಬಂದದ್ದು ಶಾಲೆಯ ವರಾಂಡ. ಕಲಬುರಗಿ ಕಡೆ ಎಲ್ಲಿ ನೋಡಿದರೂ ಶಹಾಬಾದ್ ಕಲ್ಲೇ ಅಲ್ವಾ? ನಮ್ಮಲ್ಲಿರುವುದು 2 ಅಡಿಯ ಫರಸಿ, ಅಂದರೆ ಹಾಸುಗಲ್ಲು. ಎಕರೆಗೆ ಎಷ್ಟು ಕ್ವಿಂಟಲ್ ತೊಗರಿ ಬಂತು ಅಂತ ಮಕ್ಕಳು ಊರಲ್ಲಿ ಕೇಳಿಕೊಂಡು ಬಂದರು. 40 ಮನೆಯ ಲೆಕ್ಕ. 0–2ಕ್ಕೆ 4 ಮನೆ, 2–4ಕ್ಕೆ 11, 4–6ಕ್ಕೆ 15, 6–8ಕ್ಕೆ 7, 8–10ಕ್ಕೆ 3. ಒಂದು ಫರಸಿ ಒಂದು ವರ್ಗಾಂತರ, ಒಂದು ಅಡಿ ಒಂದು ಕ್ವಿಂಟಲ್. ಮೊದಲು ಮನೆಗೊಂದರಂತೆ ತೊಗರಿ ಕಾಳೇ ಇಟ್ಟೆವು. ಗಾಳಿಗೆ ಉರುಳಿ ಸಂದಿಯಲ್ಲಿ ಸೇರಿದವು. ಆಮೇಲೆ ಬಾಟಲಿ ಮುಚ್ಚಳ, ಖರ್ಚು ಸೊನ್ನೆ.

40ರ ನಡು 20. ಮೊದಲ ಎರಡು ಕಲ್ಲು ದಾಟಿದಾಗ 15 ಆಯಿತು, ಇನ್ನೂ 5 ಬೇಕು. ಮೂರನೇ ಕಲ್ಲಿನ 24 ಇಂಚನ್ನು 15 ಮನೆ ಸಮನಾಗಿ ಹಂಚಿಕೊಂಡಿವೆ, ಒಂದಕ್ಕೆ 1.6 ಇಂಚು. ಐದಕ್ಕೆ 8 ಇಂಚು. ಹುಡುಗಿಯೊಬ್ಬಳು ಟೇಪ್ ಹಿಡಿದು 8 ಇಂಚಿಗೆ ಚಾಕ್ ಗೆರೆ ಎಳೆದಳು. 4ರ ಮೇಲೆ ಅಡಿಯ ಮೂರನೇ ಎರಡು ಭಾಗ, ಅಂದರೆ 4.67. ಆಮೇಲೆ ಬೋರ್ಡಿನ ಮೇಲೆ ಸೂತ್ರ ಬರೆದರೆ ಪ್ರತಿ ಅಕ್ಷರ ಯಾವುದು ಅಂತ ಅವರೇ ಹೇಳಿದರು. ಹಿಂದಿನ ಸಂಚಿತ ಆವೃತ್ತಿ ಯಾಕೆ ಅಂತ ಯಾರೂ ಕೇಳಲಿಲ್ಲ. ಅಷ್ಟು ಕಲ್ಲು ನಡೆದು ಬಂದಿದ್ದರಲ್ಲ!

ಮುಚ್ಚಳ ಎಣಿಸುವ ಮೊದಲು ನಾನು ಕೇಳುವ ಒಂದು ಪ್ರಶ್ನೆ ಇದೆ, ಅರ್ಧ ಕೆಲಸ ಅದೇ ಮಾಡುತ್ತದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ತರಬೇತಿಯಲ್ಲಿ ಸಿಕ್ಕರೆ ಹೇಳುತ್ತೇನೆ.

ಸುಮ್ನೆ ಇನ್ನೊಂದು ನೋಡೋಣ ಅಂತ ಕೊನೆಯ 3 ಮುಚ್ಚಳ ಎತ್ತಿ 18–20ರ ಕಲ್ಲಿಗೆ ಒಯ್ದೆವು. ಸರಾಸರಿ 4.7ರಿಂದ 5.45ಕ್ಕೆ ಏರಿತು. ಮಧ್ಯಾಂಕ ಇದ್ದಲ್ಲೇ ಇತ್ತು. ಮತ್ತೊಂದು ದಿನ ಕಚ್ಚಾ ಪಟ್ಟಿಯನ್ನೇ ಏರಿಕೆ ಕ್ರಮದಲ್ಲಿ ಬರೆಸಿದೆ. ನಡುವೆ ಬರುವ 20ನೆಯದೂ 21ನೆಯದೂ 5 ಬಂತು. "ಸರ್, ಯಾವುದು ಖರೇ?" ಅಂತ ಗಲಾಟೆ. ಕಾರಣ ಸರಳ. ರೈತರು ನಾಲ್ಕೂಮುಕ್ಕಾಲು ಅನ್ನುವುದಿಲ್ಲ, ಐದು ಅಂದುಬಿಡುತ್ತಾರೆ. ಸೂತ್ರ ಮಾತ್ರ 15 ಮನೆಯೂ ಸಮನಾಗಿ ಹರಡಿವೆ ಅಂತ ಹಿಡಿಯುತ್ತದೆ. ಕಚ್ಚಾ ಪಟ್ಟಿ ಕೈಯಲ್ಲಿದ್ದರೆ 5 ಅನ್ನಿ, ಕೋಷ್ಟಕ ಮಾತ್ರ ಇದ್ದರೆ 4.67.

10–19, 20–29 ತರಹದ ವರ್ಗಾಂತರಕ್ಕೂ ಇದೇ ವರಾಂಡ ಸಾಕು. ಎರಡು ಕಲ್ಲಿನ ನಡುವಿನ ಸಂದಿಯನ್ನು ಅರ್ಧರ್ಧ ಹಂಚಿದರೆ ಗಡಿ 19.5 ತಾನಾಗಿ ಬರುತ್ತದೆ.