ಹುಡುಕದೆ ಕೂತ ಹತ್ತು ನಿಮಿಷ

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ತಲಪಾಡಿ ಬಸ್ಸಿಗೆ ಕಾಯುತ್ತಿದ್ದೆ. ಜೂನ್ ತಿಂಗಳು, ಜೋರು ಮಳೆ. ಒದ್ದೆ ನಾಯಿಯೊಂದು ಬಂದು ನನ್ನ ಹಿಮ್ಮಡಿ ನೆಕ್ಕಿ ಹೋಯಿತು. ಕಚ್ಚಲಿಲ್ಲ, ಪರಚಲೂ ಇಲ್ಲ.

ಬಸ್ಸು ತೊಕ್ಕೊಟ್ಟು ಮುಟ್ಟುವುದರೊಳಗೆ ಮೊಬೈಲಿನಲ್ಲಿ ಉತ್ತರ ಸಿಕ್ಕಿತ್ತು. ಗಾಯವಿಲ್ಲದ ಚರ್ಮವನ್ನು ನಾಯಿ ನೆಕ್ಕಿದರೆ ರೇಬೀಸ್ ಲಸಿಕೆ ಬೇಡ, ತೊಳೆದರೆ ಸಾಕು. ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುವ ಮಾತು. ಆ ಸಮಾಧಾನ ಬಸ್ಸಿಳಿಯುವವರೆಗೆ ಇತ್ತು. ಗಾಯವಿಲ್ಲ ಅಂತ ನನಗೆ ಹೇಗೆ ಗೊತ್ತು? ಮಳೆಗಾಲ, ಹಿಮ್ಮಡಿ ಒಡೆದಿರಬಹುದಲ್ವಾ? ಮನೆಗೆ ಬಂದು ಸ್ಪಿರಿಟ್ ಹಚ್ಚಿ, ಉರಿಯುತ್ತದಾ ನೋಡಿದೆ. ಉರಿಯಲಿಲ್ಲ. ಸ್ಪಿರಿಟ್ ಹಳತಾಗಿರಬಹುದು ಅಂತ ಮರುದಿನ ಹೊಸ ಬಾಟಲಿ ತಂದೆ.

ಕೊನೆಗೆ ಹಟ ಹಿಡಿದು ಲಸಿಕೆಯನ್ನೂ ಹಾಕಿಸಿಕೊಂಡೆ. 0, 3, 7, 14, 28ನೇ ದಿನ, ಒಟ್ಟು ಐದು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮೂರನೆಯದು ಹಾಕಿಸಿದ ದಿನ ಕರೆಂಟ್ ಹೋಗಿತ್ತು. ಲಸಿಕೆ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಫ್ರಿಜ್ ಎಷ್ಟು ಹೊತ್ತು ಆಫ್ ಆಗಿತ್ತೋ? ಆ ರಾತ್ರಿ 3 ಗಂಟೆಯವರೆಗೆ ಓದಿದೆ. ರೋಗ ಸಾಮಾನ್ಯವಾಗಿ 2–3 ತಿಂಗಳಲ್ಲಿ ಕಾಣಿಸುತ್ತದೆ, ಒಂದು ವಾರದಿಂದ ಒಂದು ವರ್ಷದವರೆಗೂ ಆಗಬಹುದು ಅಂತ ಇತ್ತು. ನಾನು ಕ್ಯಾಲೆಂಡರಿನಲ್ಲಿ ಮುಂದಿನ ಜೂನ್‌ಗೆ ಗುರುತು ಹಾಕಿದೆ.

(ನಿಜವಾಗಿ ಕಚ್ಚಿದರೆ, ಪರಚಿದರೆ ಮಾತು ಬೇರೆ. 15 ನಿಮಿಷ ಸೋಪು ಹಾಕಿ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಲೇಬೇಕು.)

ಮನೋವೈದ್ಯರು ಓಸಿಡಿ ಅಂದಾಗ ನಂಬಲಿಲ್ಲ. ಕನ್ನಡದಲ್ಲಿ ಗೀಳು ಕಾಯಿಲೆ. ಅದು ಮತ್ತೆ ಮತ್ತೆ ಕೈ ತೊಳೆಯುವವರಿಗೆ, ನಮ್ಮೂರಲ್ಲಿ ‘ಮಡಿ ಜಾಸ್ತಿ’ ಅಂತ ನಗುತ್ತೇವಲ್ಲ, ಅಂಥವರಿಗೆ ಬರುವುದು ಅಂದುಕೊಂಡಿದ್ದೆ. ಮೊಬೈಲಿನಲ್ಲಿ ಹುಡುಕುವುದೂ ಕೈ ತೊಳೆದ ಹಾಗೆಯೇ ಅಂತ ಅವರು ಹೇಳಿದರು. ಸೆರ್ಟ್ರಾಲಿನ್ ಮಾತ್ರೆ ಶುರುವಾಯಿತು. ಈ ಕಾಯಿಲೆಯಲ್ಲಿ ಅದರ ಗುಣ ಗೊತ್ತಾಗಲು 8ರಿಂದ 12 ವಾರ ಬೇಕು. ಜೊತೆಗೆ ಇಆರ್‌ಪಿ ಎಂಬ ಥೆರಪಿ. ಹೆದರಿಕೆಯನ್ನು ಬೇಕಂತಲೇ ಎದುರಿಗೆ ತಂದುಕೊಳ್ಳುವುದು, ಆಮೇಲೆ ಅದನ್ನು ತಣಿಸುವ ಕೆಲಸ ಮಾಡದೆ ಇರುವುದು.

ಕೇಳಲು ಸುಲಭ. ನನ್ನ ಪಾಲಿಗೆ ಬಂದದ್ದು ಒಂದು ನೋಟ್‌ಬುಕ್. ದಿನಾ ಬರೆಯಬೇಕು: ‘ನನಗೆ ರೇಬೀಸ್ ಬರಬಹುದು, ಬಾರದೆಯೂ ಇರಬಹುದು.’ ಮೊದಲ ದಿನ ಕೈ ನಡುಗಿತು. ಹುಡುಕಬೇಕು ಅನಿಸಿದಾಗ ಗಂಟೆ ಬರೆದಿಟ್ಟು, ಹತ್ತು ನಿಮಿಷ ಸುಮ್ನೆ ಕೂರಬೇಕು. ಹಾಡು ಕೇಳಬಾರದು, ದೇವರ ನಾಮ ಹೇಳಬಾರದು, ಮನಸ್ಸಿನಲ್ಲಿ ವಾದ ಹೂಡಬಾರದು. ಹೊಟ್ಟೆ ತೊಳೆಸುತ್ತಿತ್ತು. ಎಷ್ಟೋ ಸಲ ಒಂಬತ್ತನೇ ನಿಮಿಷಕ್ಕೆ ಸೋತೆ. ಹತ್ತು ಇಪ್ಪತ್ತಾಗಲು ಮೂರು ವಾರ ಹಿಡಿಯಿತು.

ನಡುವೆ ಒಂದು ಮೋಸವೂ ಆಯಿತು. ರೇಬೀಸ್ ಬಿಟ್ಟು ಓಸಿಡಿ ಬಗ್ಗೆಯೇ ಹುಡುಕತೊಡಗಿದೆ. ನನಗಿರುವುದು ನಿಜವಾಗಿ ಓಸಿಡಿಯಾ ಅಂತ! ಕಾಯಿಲೆ ಬಗ್ಗೆ ತಿಳಿದುಕೊಳ್ಳುತ್ತಿದ್ದೇನೆ ಅಂತ ಹೆಮ್ಮೆ ಬೇರೆ. ಥೆರಪಿಸ್ಟ್ ಹತ್ತಿರ ಕೇಳಿದರೆ ಅವರು ಉತ್ತರ ಕೊಡದೆ ನೋಟ್‌ಬುಕ್ ಮುಂದೆ ತಳ್ಳಿದರು. ‘ಓಸಿಡಿ ಇರಬಹುದು, ಇಲ್ಲದೆಯೂ ಇರಬಹುದು’ ಅಂತ ಅದನ್ನೂ ಬರೆದೆ.

ಹೆಚ್ಚು ಕಷ್ಟ ಆದದ್ದು ಅಮ್ಮನಿಗೆ. ದಿನಕ್ಕೆ ಇಪ್ಪತ್ತು ಸಲ ನಾನು ಕೇಳಿದರೂ “ಎಂತ ಆಗುದಿಲ್ಲ ಮಗಾ” ಅಂತ ಹೇಳುತ್ತಿದ್ದರು. ಅದೂ ಹುಡುಕಾಟದ ಇನ್ನೊಂದು ದಾರಿಯಂತೆ. ಇನ್ನು ಮೇಲೆ “ಗೊತ್ತಿಲ್ಲ ಮಗಾ” ಅನ್ನಿ ಎಂದು ಥೆರಪಿಸ್ಟ್ ಹೇಳಿದಾಗ, ಅಮ್ಮ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮಗ ಹೆದರಿ ಕೂತಿರುವಾಗ ಯಾವ ತಾಯಿ ಹಾಗೆ ಹೇಳುತ್ತಾಳೆ? ಆದರೂ ಹೇಳಿದರು. ಮೊದಲೆರಡು ದಿನ ನಾನು ರೇಗಿದೆ. ಆಮೇಲೆ ಕೇಳುವುದೇ ಕಡಿಮೆಯಾಯಿತು.

ಗುರುತು ಹಾಕಿದ ಜೂನ್ ಬಂದು ಹೋಯಿತು. ಈಗಲೂ ಆಗಾಗ ಹುಡುಕುತ್ತೇನೆ. ಹೋದ ವಾರ ನಾಲ್ಕು ನಿಮಿಷ. ಮೊನ್ನೆ ಬಂಗುಡೆಗೆ ಎಷ್ಟು ಕೊಟ್ಟಿರಿ ಎಂದು ಅಮ್ಮನನ್ನು ಕೇಳಿದೆ. ಮೀನು ಹೆಚ್ಚುತ್ತಲೇ “ಗೊತ್ತಿಲ್ಲ ಮಗಾ” ಅಂದು ನಕ್ಕರು.